ನಲವತ್ತೈದರ ಆಸುಪಾಸಿನಲ್ಲಿ ಕೆಲಸ ಹೋಯಿತೇ? ವಿದೇಶಕ್ಕೆ ಹೊರಡುವ ಮುನ್ನ ಮಾಡಬೇಕಾದ್ದು

"ಲೇಆಫ್ ಆಗಿದೆ, ವಯಸ್ಸು 44, ಮನೆ ಸಾಲ ಇನ್ನೂ ಹನ್ನೊಂದು ವರ್ಷ ಇದೆ. ಇಲ್ಲಿ ಯಾರೂ ಕರೆಯುತ್ತಿಲ್ಲ. ಜರ್ಮನಿಗೋ ಕೆನಡಾಕ್ಕೋ ಹೊರಟುಬಿಡಲೇ?" ಬೆಂಗಳೂರಿನ ಐಟಿ, ಎಂಜಿನಿಯರಿಂಗ್ ಕಂಪನಿಗಳಲ್ಲಿ ಹದಿನೈದು-ಇಪ್ಪತ್ತು ವರ್ಷ ದುಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೋಗಬಹುದು. ಆದರೆ ಈ ವಯಸ್ಸಿನಲ್ಲಿ ತೆರೆದಿರುವ ದಾರಿಗಳು ಇಪ್ಪತ್ತೆಂಟರ ಹುಡುಗರಿಗೆ ಸಿಗುವ ದಾರಿಗಳಿಗಿಂತ ಬೇರೆ. ಕೈಯಲ್ಲಿ ಆಫರ್ ಲೆಟರ್ ಇಟ್ಟುಕೊಂಡು ಹೋಗುವವರಿಗೆ ನೆಲ ಗಟ್ಟಿ. ಪರಿಹಾರದ ದುಡ್ಡು ಸುರಿದು ಕೆಲಸ ಹುಡುಕಲು ಹೋಗುವವರಿಗೆ ಅದು ಜೂಜು. ಈ ಲೇಖನದ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಬಹಳ ಜನ ನಾಲ್ಕನೇ ಹಂತದಿಂದ ಶುರುಮಾಡಿ ಮೂರನೆಯದರಲ್ಲಿ ಬೀಳುತ್ತಾರೆ.

ಹಂತ 1: ಲ್ಯಾಪ್‌ಟಾಪ್ ವಾಪಸ್ ಕೊಡುವ ಮುನ್ನ

ಕೆಲಸ ಹೋದ ಸುದ್ದಿ ಬಂದ ದಿನವೇ ಆಫೀಸಿನ ಮೇಲ್ ಬಂದ್ ಆಗಬಹುದು. ಆಮೇಲೆ ಒಂದೊಂದು ಕಾಗದಕ್ಕೂ ಎಚ್‌ಆರ್ ಹಿಂದೆ ಅಲೆಯಬೇಕು. ಕೊನೆಯ ಹನ್ನೆರಡು ತಿಂಗಳ ಪೇಸ್ಲಿಪ್, ಎಲ್ಲ ವರ್ಷಗಳ ಫಾರ್ಮ್ 16, ಆಫರ್ ಲೆಟರ್, ಬಡ್ತಿ ಪತ್ರಗಳು ಮತ್ತು ಪಿಎಫ್ ಯುಎಎನ್ ಸಂಖ್ಯೆಯನ್ನು ಮೊದಲೇ ಇಳಿಸಿಕೊಳ್ಳಿ. ಕಂಪನಿಯ ಕಡತ, ಕೋಡ್, ಗ್ರಾಹಕರ ಮಾಹಿತಿ ಮಾತ್ರ ಮುಟ್ಟಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅನುಭವ ಪತ್ರ. ನಮ್ಮ ಕಂಪನಿಗಳು ಕೊಡುವ ಪತ್ರದಲ್ಲಿ "ಇಂಥ ದಿನದಿಂದ ಇಂಥ ದಿನದವರೆಗೆ ಸೀನಿಯರ್ ಮ್ಯಾನೇಜರ್ ಆಗಿದ್ದರು" ಎಂದಷ್ಟೇ ಇರುತ್ತದೆ. ವಿದೇಶಿ ವೀಸಾ ಕಚೇರಿಗಳಿಗೆ ಇದು ಸಾಲದು. ನೀವು ಮಾಡುತ್ತಿದ್ದ ಕೆಲಸ, ಬಳಸಿದ ತಂತ್ರಜ್ಞಾನ, ವಾರಕ್ಕೆ ಎಷ್ಟು ಗಂಟೆ, ಪೂರ್ಣಾವಧಿಯೋ ಅಲ್ಲವೋ ಎಂಬುದೆಲ್ಲ ಲೆಟರ್‌ಹೆಡ್ ಮೇಲೆ ಬರಬೇಕು. ನೀವೇ ಕರಡು ಬರೆದು ಎಚ್‌ಆರ್‌ಗೆ ಕಳಿಸಿದರೆ ಸಹಿ ಬೇಗ ಬೀಳುತ್ತದೆ. ಎಚ್‌ಆರ್ ಒಪ್ಪದಿದ್ದರೆ ನಿಮ್ಮ ಮೇಲಧಿಕಾರಿಯಿಂದ ಅದೇ ವಿವರಗಳ ಪತ್ರ ಬರೆಸಿಕೊಳ್ಳಿ.

ಸ್ವಇಚ್ಛೆಯ ರಾಜೀನಾಮೆ ಎಂದು ಬರೆದ ಕಾಗದಕ್ಕೆ ನಿಂತ ನಿಲುವಿನಲ್ಲಿ ಸಹಿ ಹಾಕಬೇಡಿ. ಎರಡು ದಿನ ಸಮಯ ಕೇಳಿ. ಪರಿಹಾರದ ಮೊತ್ತ, ನೋಟಿಸ್ ಅವಧಿಯ ಸಂಬಳ, ಬಾಕಿ ರಜೆಯ ಹಣ, ಗ್ರಾಚ್ಯುಟಿ ಎಲ್ಲವೂ ಬರವಣಿಗೆಯಲ್ಲಿ ಇವೆಯೇ ನೋಡಿ. ಐದು ವರ್ಷ ಸತತ ಸೇವೆ ಮುಗಿದಿದ್ದರೆ ಗ್ರಾಚ್ಯುಟಿ ನಿಮ್ಮ ಹಕ್ಕು: ಕೊನೆಯ ಬೇಸಿಕ್ ಮತ್ತು ಡಿಎಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಬೇಸಿಕ್ 80,000 ಇದ್ದು 12 ವರ್ಷ ದುಡಿದಿದ್ದರೆ ಸುಮಾರು 5.54 ಲಕ್ಷ. 30 ದಿನದೊಳಗೆ ಕೊಡಬೇಕು, 20 ಲಕ್ಷದವರೆಗೆ ತೆರಿಗೆ ಇಲ್ಲ.

ಇದೇ ವಾರ ಆರೋಗ್ಯ ವಿಮೆಯ ಕೆಲಸವೂ ಆಗಬೇಕು. ಕಂಪನಿಯ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಇದಕ್ಕೆ ಮೈಗ್ರೇಶನ್ ಎನ್ನುತ್ತಾರೆ. ಹಾಗೆ ಮಾಡಿದರೆ ಸಕ್ಕರೆ ಕಾಯಿಲೆ, ಬಿಪಿಗಳಿಗೆ ಇರುವ ಕಾಯುವ ಅವಧಿಯಲ್ಲಿ ನೀವು ಈಗಾಗಲೇ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಪಾಲಿಸಿ ಮುಗಿದ ಮೇಲೆ ಹೊಸದಾಗಿ ಕೊಂಡರೆ ಆ ಅವಧಿ ಮೂರು ವರ್ಷದವರೆಗೂ ಹೋಗಬಹುದು.

ಹಂತ 2: ಎರಡು ವಾರ ಯಾವ ವೀಸಾ ಅರ್ಜಿಯನ್ನೂ ಹಾಕಬೇಡಿ

ನಡುವಯಸ್ಸಿನ ತಳಮಳ ಮತ್ತು ಕೆಲಸ ಕಳೆದುಕೊಂಡ ಪೆಟ್ಟು ಒಟ್ಟಿಗೆ ಬಂದಾಗ ಊರು ಬಿಡಬೇಕು ಅನಿಸುವುದು ಸಹಜ. ಪರಿಚಿತರ ಕಣ್ಣಿಗೆ ಬೀಳದಿದ್ದರೆ ಸಾಕು ಎನ್ನುವ ಆಸೆಯೂ ಅದರಲ್ಲಿ ಬೆರೆತಿರುತ್ತದೆ. ಹಾಗಾಗಿ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಬೆಳಗ್ಗೆ ಬೆಂಗಳೂರಿನಲ್ಲೇ ಹಳೆಯ ಸಂಬಳಕ್ಕೆ ಕೆಲಸ ಸಿಕ್ಕರೆ, ಆಗಲೂ ಹೋಗುತ್ತೀರಾ? ಉತ್ತರ "ಇಲ್ಲ" ಎಂದಾದರೆ ನಿಮಗೆ ಬೇಕಿರುವುದು ಕೆಲಸ. ಅದನ್ನು ಮೊದಲು ಇಲ್ಲಿ ಹುಡುಕಿ, ಸಂಬಳ ಶೇ 20 ಕಡಿಮೆಯಾದರೂ ಸರಿ. ಕೆಲಸದಲ್ಲಿ ಇದ್ದುಕೊಂಡು ವಿದೇಶಕ್ಕೆ ಅರ್ಜಿ ಹಾಕುವವರ ಮಾತಿಗೆ ಸಂದರ್ಶನದಲ್ಲಿ ಬೇರೆಯದೇ ತೂಕ ಇರುತ್ತದೆ.

ಮನೆಯವರಿಗೆ ಮೊದಲ ದಿನವೇ ಹೇಳಿ. ದಿನಾ ಬ್ಯಾಗ್ ಹಾಕಿಕೊಂಡು ಹೊರಟು ಸಂಜೆವರೆಗೆ ಎಲ್ಲಾದರೂ ಕೂತು ಬರುವವರು ಇದ್ದಾರೆ. ಎರಡು ತಿಂಗಳಾದ ಮೇಲೆ ಸತ್ಯ ಗೊತ್ತಾದಾಗ ಹೆಂಡತಿಗೋ ಗಂಡನಿಗೋ ಕೆಲಸ ಹೋದದ್ದಕ್ಕಿಂತ ಮುಚ್ಚಿಟ್ಟದ್ದೇ ಹೆಚ್ಚು ನೋಯುತ್ತದೆ. ಆಮೇಲೆ ವಿದೇಶದ ಯೋಜನೆಗೆ ಅವರ ಒಪ್ಪಿಗೆ ಸಿಗುವುದು ಕಷ್ಟ.

ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ಅದನ್ನು ಬರೀ ಬೇಸರ ಎಂದು ತಳ್ಳಿಹಾಕಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯದೆ ಇವತ್ತೇ ಕರೆ ಮಾಡಿ, ಮನೆಯಲ್ಲೂ ಹೇಳಿ. ಖಿನ್ನತೆಯನ್ನು ಹೊತ್ತುಕೊಂಡು ನವೆಂಬರ್ ತಿಂಗಳಲ್ಲಿ ಯುರೋಪಿಗೆ ಹೋದರೆ ಸಂಜೆ ನಾಲ್ಕೂವರೆಗೆ ಕತ್ತಲಾಗುವ ಊರಿನಲ್ಲಿ ಅದು ಹೆಚ್ಚುವ ಸಂಭವವೇ ಜಾಸ್ತಿ.

ಹಂತ 3: ಎಷ್ಟು ತಿಂಗಳು ತಡೆದುಕೊಳ್ಳಬಲ್ಲಿರಿ?

ಒಂದು ಹಾಳೆಯಲ್ಲಿ ತಿಂಗಳ ಖರ್ಚು ಬರೆಯಿರಿ. ಉದಾಹರಣೆಗೆ: ಮನೆ ಸಾಲದ ಇಎಂಐ 55,000, ಶಾಲಾ ಶುಲ್ಕ ತಿಂಗಳ ಲೆಕ್ಕಕ್ಕೆ 15,000, ಮನೆ ಖರ್ಚು 40,000, ತಂದೆ-ತಾಯಿಯ ಔಷಧಿ 8,000, ವಿಮೆ 5,000. ಒಟ್ಟು 1.23 ಲಕ್ಷ. ಕೈಯಲ್ಲಿ ಪರಿಹಾರ, ಉಳಿತಾಯ ಎಲ್ಲ ಸೇರಿ 18 ಲಕ್ಷ ಇದ್ದರೆ ಹದಿನಾಲ್ಕು ತಿಂಗಳು ನಡೆಯುತ್ತದೆ.

ಈಗ ಜರ್ಮನಿಯ ಕೆಲಸ ಹುಡುಕುವ ವೀಸಾ ಸೇರಿಸಿ ನೋಡಿ. ಅದಕ್ಕೆ ಬ್ಲಾಕ್ಡ್ ಅಕೌಂಟ್ ಬೇಕು. ಅಂದರೆ ನಿಮ್ಮದೇ ದುಡ್ಡನ್ನು ಅಲ್ಲಿನ ಖಾತೆಯಲ್ಲಿ ಇಡುತ್ತೀರಿ, ತಿಂಗಳಿಗೆ ಇಷ್ಟು ಎಂದು ಮಾತ್ರ ತೆಗೆಯಬಹುದು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ, ವರ್ಷಕ್ಕೆ 13,092 ಯೂರೋ. ಯೂರೋಗೆ ನೂರು ರೂಪಾಯಿ ಎಂದೇ ಹಿಡಿದರೂ 13 ಲಕ್ಷ ಹೋಯಿತು. ಉಳಿದದ್ದು 5 ಲಕ್ಷ. ಬೆಂಗಳೂರಿನ ಮನೆ ಖರ್ಚಿಗೆ ಅದು ನಾಲ್ಕು ತಿಂಗಳಲ್ಲಿ ಖಾಲಿಯಾಗುತ್ತದೆ, ಅಷ್ಟರಲ್ಲಿ ಅಲ್ಲಿ ನಿಮ್ಮ ಸಂದರ್ಶನಗಳೇ ಮುಗಿದಿರುವುದಿಲ್ಲ. ಹೆಚ್ಚಿನ ಯೋಜನೆಗಳು ಕುಸಿಯುವುದು ಇಲ್ಲೇ. ಎರಡು ಮನೆ ನಡೆಸಬೇಕಾಗುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ.

ನಿಯಮ ಸರಳ: ಹೊರಡುವ ಖರ್ಚು ಬಿಟ್ಟು, ಇಲ್ಲಿನ ಮನೆಗೆ ಕನಿಷ್ಠ ಎಂಟು ತಿಂಗಳ ಖರ್ಚು ಉಳಿಯದಿದ್ದರೆ ಕೆಲಸ ಹುಡುಕುವ ವೀಸಾದ ಮೇಲೆ ಹೋಗಬೇಡಿ.

ಇಎಂಐ ಕಟ್ಟಲಾಗದ ಸ್ಥಿತಿ ಬರುವಂತಿದ್ದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಲು ಕೇಳಿ. 90 ದಿನ ಬಾಕಿ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ ಮಾತುಕತೆಗೆ ಜಾಗ ಕಡಿಮೆ. ಪಿಎಫ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಸೇವೆ ಐದು ವರ್ಷ ತುಂಬುವ ಮೊದಲೇ ತೆಗೆದರೆ ತೆರಿಗೆ ಬೀಳುತ್ತದೆ, ಹತ್ತು ವರ್ಷ ತುಂಬಿದ್ದರೆ 58ರ ನಂತರ ಪಿಂಚಣಿಯ ಹಕ್ಕು ಇರುತ್ತದೆ.

ಹಂತ 4: ನಿಮ್ಮ ವಯಸ್ಸಿಗೆ ಯಾವ ದೇಶದ ಬಾಗಿಲು ತೆರೆದಿದೆ?

ಕೆನಡಾ: ಕಾಯಂ ವಾಸಕ್ಕೆ ಅಂಕದ ಮೇಲೆ ಜನರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ವಯಸ್ಸಿಗೂ ಅಂಕ. ಒಂಟಿ ಅರ್ಜಿದಾರರಿಗೆ 29ರವರೆಗೆ 110, ನಲವತ್ತಕ್ಕೆ 50, ನಲವತ್ತೆರಡಕ್ಕೆ 28, ನಲವತ್ತನಾಲ್ಕಕ್ಕೆ 6, ನಲವತ್ತೈದಕ್ಕೆ ಸೊನ್ನೆ. ಆಫರ್ ಇದ್ದವರಿಗೆ ಸಿಗುತ್ತಿದ್ದ ಹೆಚ್ಚುವರಿ ಅಂಕವನ್ನೂ 2025ರ ಮಾರ್ಚ್ 25ರಿಂದ ತೆಗೆದಿದ್ದಾರೆ. ಫ್ರೆಂಚ್ ಚೆನ್ನಾಗಿ ಬರದಿದ್ದರೆ 43 ದಾಟಿದವರು ಇದಕ್ಕೆ ದುಡ್ಡು ಸುರಿಯುವುದು ವ್ಯರ್ಥ.

ಆಸ್ಟ್ರೇಲಿಯಾ: ಅಂಕ ಆಧಾರಿತ 189, 190, 491 ವೀಸಾಗಳಿಗೆ ಅರ್ಜಿ ಹಾಕಿ ಎಂದು ಅಲ್ಲಿನ ಸರ್ಕಾರದ ಆಹ್ವಾನ ಬರುವ ದಿನ ನಿಮಗೆ 45 ತುಂಬಿರಬಾರದು. ಅರ್ಜಿಯ ದಿನ ಅಲ್ಲ, ಆಹ್ವಾನದ ದಿನ. 44ರಲ್ಲಿ ಶುರುಮಾಡಿ ಕೌಶಲ ಮೌಲ್ಯಮಾಪನ, ಇಂಗ್ಲಿಷ್ ಪರೀಕ್ಷೆ ಎಂದು ತಿಂಗಳು ಕಳೆದು ಅವಕಾಶ ತಪ್ಪಿಸಿಕೊಳ್ಳುವುದು ಸುಲಭ.

ನ್ಯೂಜಿಲೆಂಡ್: ಸ್ಕಿಲ್ಡ್ ಮೈಗ್ರೆಂಟ್ ವರ್ಗಕ್ಕೆ 55ರವರೆಗೆ ಅವಕಾಶ, ಆದರೆ ಅಲ್ಲಿನ ಮಾನ್ಯ ಸಂಸ್ಥೆಯ ಕೆಲಸ ಬೇಕು. ಮಾರುಕಟ್ಟೆ ಚಿಕ್ಕದು.

ಬ್ರಿಟನ್: ಸ್ಕಿಲ್ಡ್ ವರ್ಕರ್ ವೀಸಾಕ್ಕೆ ವಯಸ್ಸಿನ ಮಿತಿ ಇಲ್ಲ. 2025ರ ಜುಲೈ 22ರಿಂದ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್, ಅಥವಾ ಆ ಹುದ್ದೆಗೆ ನಿಗದಿಯಾದ ದರ, ಯಾವುದು ಹೆಚ್ಚೋ ಅದು. ಮರೆತುಹೋಗುವ ಖರ್ಚು ಆರೋಗ್ಯ ಸರ್‌ಚಾರ್ಜ್: ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ನಾಲ್ವರ ಕುಟುಂಬಕ್ಕೆ ಮೂರು ವರ್ಷಕ್ಕೆ 10,866 ಪೌಂಡ್, ಅದೂ ಮುಂಗಡ. ಕಂಪನಿ ಭರಿಸುತ್ತದೆಯೇ ಎಂದು ಆಫರ್ ಹಂತದಲ್ಲೇ ಕೇಳಿ.

ಯುಎಇ: ಕನ್ನಡಿಗರಿಗೆ, ಅದರಲ್ಲೂ ಕರಾವಳಿಯವರಿಗೆ, ಹೊಸದಲ್ಲ. ಅನುಭವಿಗಳಿಗೆ ಬೇಗ ಕೆಲಸ ಸಿಗುವ ಸಾಧ್ಯತೆ ಇಲ್ಲಿದೆ, ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಸಾಮಾನ್ಯ ನೌಕರಿ ವೀಸಾ ಕೆಲಸಕ್ಕೆ ಅಂಟಿಕೊಂಡದ್ದು. ಪದವಿ ಪ್ರಮಾಣಪತ್ರಕ್ಕೆ ರಾಜ್ಯ, ವಿದೇಶಾಂಗ ಸಚಿವಾಲಯ, ಯುಎಇ ದೂತಾವಾಸ ಮೂರೂ ಕಡೆ ದೃಢೀಕರಣ ಆಗಬೇಕು. ಆಫರ್ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಹಂತ 5: ಜರ್ಮನಿಯ ಎರಡು ದಾರಿ

45 ದಾಟಿದ ತಂತ್ರಜ್ಞರಿಗೆ ನಿಜವಾಗಿ ಪರಿಶೀಲಿಸಬೇಕಾದ ದೇಶ ಇದು. ವಿವರವಾಗಿ ನೋಡೋಣ.

ಮೊದಲನೆಯದು ಇಯು ಬ್ಲೂ ಕಾರ್ಡ್, ಅಂದರೆ ಕೈಯಲ್ಲಿ ಆಫರ್ ಇರುವ ಪರಿಣತರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ. ಮಾನ್ಯ ಪದವಿ, ಅದಕ್ಕೆ ಹೊಂದುವ ಕೆಲಸ, ಕನಿಷ್ಠ ಆರು ತಿಂಗಳ ಒಪ್ಪಂದ ಬೇಕು. 2026ಕ್ಕೆ ಕನಿಷ್ಠ ವಾರ್ಷಿಕ ಸಂಬಳ 50,700 ಯೂರೋ. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ, ಕೆಲಸಗಾರರ ಕೊರತೆ ಇರುವ ವೃತ್ತಿಗಳಿಗೆ 45,934.20 ಯೂರೋ. ಐಟಿಯವರಿಗೆ ಪದವಿ ಇಲ್ಲದಿದ್ದರೂ ಕಳೆದ ಏಳು ವರ್ಷದಲ್ಲಿ ಮೂರು ವರ್ಷದ ಸಂಬಂಧಿತ ಅನುಭವ ಇದ್ದರೆ ಅವಕಾಶ ಉಂಟು.

ಬಹಳ ಜನ ಎಡವುವ ನಿಯಮ ಒಂದಿದೆ. ಬ್ಲೂ ಕಾರ್ಡ್ ಬಿಟ್ಟು ಸಾಮಾನ್ಯ ಕುಶಲ ನೌಕರರ ಪರವಾನಗಿಗೆ 45 ದಾಟಿ ಮೊದಲ ಬಾರಿ ಅರ್ಜಿ ಹಾಕಿದರೆ, ಸಂಬಳ 2026ಕ್ಕೆ ಕನಿಷ್ಠ 55,770 ಯೂರೋ ಇರಬೇಕು, ಇಲ್ಲವೇ ಮುಪ್ಪಿಗೆ ಸಾಕಾಗುವ ಪಿಂಚಣಿ ವ್ಯವಸ್ಥೆ ತೋರಿಸಬೇಕು. ಆಫರ್ 52,000ಕ್ಕೆ ಬಂದರೆ ಬ್ಲೂ ಕಾರ್ಡ್ ವರ್ಗದಲ್ಲೇ ಅರ್ಜಿ ಹಾಕಬೇಕೆಂದು ಕಂಪನಿಯ ಎಚ್‌ಆರ್‌ಗೆ ನೀವೇ ನೆನಪಿಸಿ. ಸಣ್ಣ ಕಂಪನಿಗಳಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಎರಡನೆಯದು ಷಾನ್ಸೆನ್‌ಕಾರ್ಟೆ, ಅಂದರೆ ಅವಕಾಶ ಕಾರ್ಡ್. ಮೂರನೇ ಹಂತದಲ್ಲಿ ಹೇಳಿದ ಕೆಲಸ ಹುಡುಕುವ ವೀಸಾ ಇದೇ. 2024ರ ಜೂನ್ 1ರಿಂದ ಜಾರಿಯಲ್ಲಿದೆ. ಆಫರ್ ಇಲ್ಲದೆಯೂ ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ಪದವಿ ಅಥವಾ ವೃತ್ತಿ ತರಬೇತಿ, ಜೊತೆಗೆ ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ಮೂಲ ಅರ್ಹತೆ (ಭಾಷೆಯ ಮಟ್ಟಗಳು ಎ1ರಿಂದ ಶುರುವಾಗಿ ಎ2, ಬಿ1, ಬಿ2, ಸಿ1, ಸಿ2 ಎಂದು ಏರುತ್ತವೆ). ಅದರ ಮೇಲೆ ಆರು ಅಂಕ ಬೇಕು. 40 ದಾಟಿದವರಿಗೆ ವಯಸ್ಸಿನ ಅಂಕ ಸೊನ್ನೆ. ಕಳೆದ ಏಳು ವರ್ಷದಲ್ಲಿ ಐದು ವರ್ಷದ ಅನುಭವಕ್ಕೆ 3, ಸಿ1 ಮಟ್ಟದ ಇಂಗ್ಲಿಷ್‌ಗೆ 1, ಕೊರತೆಯ ವೃತ್ತಿಗೆ 1. ಇಲ್ಲಿಗೆ ಐದು. ಆರನೆಯದು ಎ2 ಜರ್ಮನ್‌ನಿಂದ ಬರುತ್ತದೆ. ಎ2 ತಲುಪಲು 45 ನಿಮಿಷದ 200ರಿಂದ 350 ತರಗತಿಗಳಷ್ಟು ಕಲಿಕೆ ಬೇಕಾಗುತ್ತದೆ, ಅಂದರೆ ಶ್ರದ್ಧೆಯಿಂದ ಕೂತರೂ ನಾಲ್ಕೈದು ತಿಂಗಳು. ಬೆಂಗಳೂರಿನ ಗೋಥೆ ಇನ್‌ಸ್ಟಿಟ್ಯೂಟ್, ಹಳಬರ ಬಾಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನ, ಪರೀಕ್ಷೆ ನಡೆಸುತ್ತದೆ. ಸೀಟು ಬೇಗ ತುಂಬುತ್ತದೆ.

ಪದವಿಗೆ ಮಾನ್ಯತೆ ಇದೆಯೇ ಎಂದು ಅನಾಬಿನ್ ಎಂಬ ಜರ್ಮನ್ ದತ್ತಾಂಶ ತಾಣದಲ್ಲಿ ನೋಡಬೇಕು. ವಿಶ್ವವಿದ್ಯಾಲಯದ ಮುಂದೆ ಮಾನ್ಯ ಸಂಸ್ಥೆ ಎಂದು ಹೇಳುವ "ಎಚ್ ಪ್ಲಸ್" ಗುರುತು ಇದ್ದರಷ್ಟೇ ಸಾಲದು, ನಿಮ್ಮ ಪದವಿಯ ಹೆಸರೂ ಪಟ್ಟಿಯಲ್ಲಿ ಸಮಾನ ಎಂದು ಇರಬೇಕು. ಇಲ್ಲದಿದ್ದರೆ ಝಡ್‌ಎಬಿ ಎಂಬ ಕಚೇರಿಯಿಂದ ಹೋಲಿಕೆ ಪತ್ರ ಪಡೆಯಬೇಕು.

ನಮ್ಮ ಸಲಹೆ ಇಷ್ಟು: ಅವಕಾಶ ಕಾರ್ಡ್‌ಗೆ ಬೇಕಾದ ಭಾಷೆಯನ್ನು ಕಲಿಯಿರಿ, ಆದರೆ ಆ ಭಾಷೆಯನ್ನು ಬಳಸಿ ಇಲ್ಲಿಂದಲೇ ಬ್ಲೂ ಕಾರ್ಡ್ ಆಫರ್‌ಗೆ ಪ್ರಯತ್ನಿಸಿ. ಅವಕಾಶ ಕಾರ್ಡ್ ಕೊನೆಯ ಆಯ್ಕೆ.

ಹಂತ 6: ಹುದ್ದೆ ಇಳಿಸಿಕೊಳ್ಳಲು ತಯಾರಾಗಿ

ಡೆಲಿವರಿ ಮ್ಯಾನೇಜರ್, ಪ್ರೋಗ್ರಾಂ ಮ್ಯಾನೇಜರ್ ಎಂದು ಐವತ್ತು ಜನರನ್ನು ನೋಡಿಕೊಂಡವರಿಗೆ ಜರ್ಮನಿಯಲ್ಲಿ ಅದೇ ಹುದ್ದೆ ಸಿಗುವುದು ಅಪರೂಪ. ಜನರನ್ನು ನಡೆಸುವ ಕೆಲಸಕ್ಕೆ ಅಲ್ಲಿ ಜರ್ಮನ್ ಸರಾಗವಾಗಿ ಬರಬೇಕು. ಕೈಯಾರೆ ಮಾಡುವ ತಾಂತ್ರಿಕ ಕೆಲಸಕ್ಕೆ ಇಂಗ್ಲಿಷ್ ಸಾಲುವ ಕಡೆಗಳಿವೆ: ಎಸ್‌ಎಪಿ, ಕ್ಲೌಡ್, ಸೈಬರ್ ಭದ್ರತೆ, ಎಂಬೆಡೆಡ್. ಆರು ವರ್ಷದಿಂದ ಕೋಡ್ ಮುಟ್ಟಿಲ್ಲದವರು ಮೊದಲ ಮೂರು ತಿಂಗಳು ಅದಕ್ಕೇ ಕೊಡಬೇಕು. ಇಲ್ಲದಿದ್ದರೆ ಮೊದಲ ತಾಂತ್ರಿಕ ಸುತ್ತಿನಲ್ಲೇ ಗೊತ್ತಾಗುತ್ತದೆ. ಕಾರು ಉದ್ಯಮವನ್ನೇ ನಂಬಿಕೊಂಡವರು ಒಂದು ಮಾತು ನೆನಪಿಡಿ: ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿತಕ್ಕೆ 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಿದೆ.

ಸಿವಿ ಎರಡು ಪುಟ ಮೀರದಿರಲಿ. ಕೊನೆಯ ಹತ್ತು ವರ್ಷ ವಿವರವಾಗಿ, ಅದಕ್ಕಿಂತ ಹಿಂದಿನದು ಒಂದೊಂದು ಸಾಲು. ಖಾಲಿ ಇರುವ ತಿಂಗಳುಗಳನ್ನು ಮುಚ್ಚಿಡಬೇಡಿ. "ವಿಭಾಗ ಮುಚ್ಚಿತು" ಎಂದು ನೇರವಾಗಿ ಹೇಳಿ, ಆ ಅವಧಿಯಲ್ಲಿ ಕಲಿತದ್ದನ್ನು ಬರೆಯಿರಿ.

ಸಂಬಳದ ಲೆಕ್ಕ ರೂಪಾಯಿಗೆ ಗುಣಿಸಿ ಹಿಗ್ಗಬೇಡಿ. ವರ್ಷಕ್ಕೆ 60,000 ಯೂರೋ ಅಂದರೆ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು 3,150 ಯೂರೋ. ಕುಟುಂಬ ಇಲ್ಲೇ ಇದ್ದರೆ ವಿವಾಹಿತರ ಅನುಕೂಲಕರ ತೆರಿಗೆ ವರ್ಗ ಸಿಗುವುದಿಲ್ಲ, ಒಂಟಿಯವರ ಲೆಕ್ಕವೇ. ಬಾಡಿಗೆಗೆ ಮ್ಯೂನಿಕ್ ದುಬಾರಿ, ಲೈಪ್‌ಜಿಗ್ ಅಗ್ಗ. ಎಲ್ಲಿಯಾದರೂ ಮುಂಗಡ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಕೇಳಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದೊಂದು ಸಮಾಧಾನ.

ಹಂತ 7: ಏಜೆಂಟರ ವಿಷಯ

ಕೆಲಸ ಕಳೆದುಕೊಂಡವರನ್ನೇ ಹುಡುಕಿಕೊಂಡು ಬರುವ ಜನ ಇದ್ದಾರೆ. ಅವಕಾಶ ಕಾರ್ಡ್‌ನ ವೀಸಾ ಶುಲ್ಕ 75 ಯೂರೋ. ನೀವೇ ಅರ್ಜಿ ಹಾಕಬಹುದಾದ ಇದಕ್ಕೆ ಲಕ್ಷಗಟ್ಟಲೆ ಕೊಡಬೇಡಿ. "ಕೆಲಸ ಗ್ಯಾರಂಟಿ" ಎಂದು ಬರೆದುಕೊಡುವವರನ್ನು ದೂರ ಇಡಿ.

ವಿದೇಶಿ ಉದ್ಯೋಗಕ್ಕೆ ಜನರನ್ನು ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು, ಲೈಸೆನ್ಸ್ ಸಂಖ್ಯೆ ನೋಡಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ರಸೀದಿಯೊಂದಿಗೆ. ಬ್ರಿಟನ್ನಿನ ಕಂಪನಿ ಎಂದರೆ ಆ ಸರ್ಕಾರದ ಪರವಾನಗಿ ಪಡೆದ ಪ್ರಾಯೋಜಕರ ಪಟ್ಟಿಯಲ್ಲಿ ಹೆಸರು ಹುಡುಕಿ.

ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್‌ಗಳಲ್ಲಿ "ಡಿಜಿಟಲ್ ಮಾರ್ಕೆಟಿಂಗ್", "ಡೇಟಾ ಎಂಟ್ರಿ" ಕೆಲಸ, ಪ್ರವಾಸಿ ವೀಸಾದಲ್ಲಿ ಬನ್ನಿ ಎಂದರೆ ಅಲ್ಲಿಗೇ ಫೋನ್ ಇಡಿ. ಹೀಗೆ ಹೋದ ಭಾರತೀಯರನ್ನು ಮ್ಯಾನ್ಮಾರ್‌ನ ಮ್ಯಾವಾಡಿಯಂಥ ಕಡೆ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ್ದಾರೆ. ಸರ್ಕಾರ ಪದೇ ಪದೇ ಎಚ್ಚರಿಸಿದೆ.

ಹಂತ 8: ಮಕ್ಕಳು, ಸಂಗಾತಿ, ಹಿರಿಯರು

ಮಕ್ಕಳು ಆರನೇ ತರಗತಿಯೊಳಗಿದ್ದರೆ ಹೊಸ ಭಾಷೆ ಹಿಡಿಯುತ್ತಾರೆ. ಒಂಬತ್ತರಿಂದ ಪಿಯುಸಿವರೆಗಿನ ಮಕ್ಕಳನ್ನು ಜರ್ಮನ್ ಮಾಧ್ಯಮದ ಶಾಲೆಗೆ ಎತ್ತಿಹಾಕುವುದು ಅವರ ಎರಡು ವರ್ಷ ತಿನ್ನುತ್ತದೆ. ಅಂಥ ಮನೆಯವರು ಒಬ್ಬರು ಮೊದಲು ಹೋಗಿ, ಪ್ರೊಬೇಷನ್ ಮುಗಿಸಿ, ಮಕ್ಕಳ ಪರೀಕ್ಷೆ ಆದ ಮೇಲೆ ಉಳಿದವರನ್ನು ಕರೆಸಿಕೊಳ್ಳುವುದು ಒಳ್ಳೆಯದು. ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ಜರ್ಮನ್ ಭಾಷಾ ಪರೀಕ್ಷೆಯ ಕಡ್ಡಾಯ ಇಲ್ಲ, ಕೆಲಸ ಮಾಡಲು ಅನುಮತಿ ಇದೆ. ಆದರೆ ಇಲ್ಲಿ ಒಳ್ಳೆಯ ಕೆಲಸದಲ್ಲಿರುವ ಸಂಗಾತಿ ಅದನ್ನು ಬಿಟ್ಟು ಬಂದರೆ ಅವರೂ ನಡುವಯಸ್ಸಿನಲ್ಲಿ ಕೆಲಸ ಕಳೆದುಕೊಂಡಂತೆಯೇ. ಆ ತೀರ್ಮಾನ ಅವರದಾಗಿರಲಿ.

ತಂದೆ-ತಾಯಿಯನ್ನು ಕರೆದೊಯ್ಯುವ ಭರವಸೆ ಕೊಡಬೇಡಿ. ಕಾನೂನಿನಲ್ಲಿ ಸಣ್ಣ ದಾರಿ ಇದ್ದರೂ ಆ ವಯಸ್ಸಿನಲ್ಲಿ ಅಲ್ಲಿ ಆರೋಗ್ಯ ವಿಮೆ ಸಿಗುವುದೇ ಕಷ್ಟ.

ಹಂತ 9: ವಿಮಾನ ಹತ್ತುವ ಮುನ್ನ ಬ್ಯಾಂಕು, ತೆರಿಗೆ

ಕೆಲಸಕ್ಕೆಂದು ಹೊರಟ ಮೇಲೆ ನಿಮ್ಮ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಬಾಡಿಗೆ, ಬಡ್ಡಿಯಂಥ ಇಲ್ಲಿನ ಆದಾಯ ಅದಕ್ಕೆ ಬರುತ್ತದೆ. ಅಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ ಖಾತೆ. ಇದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಪಿಪಿಎಫ್ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದು ತೆರೆಯುವಂತಿಲ್ಲ.

ಹೊರಡುವ ದಿನಾಂಕಕ್ಕೂ ಬೆಲೆ ಇದೆ. ನೌಕರಿಗಾಗಿ ದೇಶ ಬಿಡುವ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷಕ್ಕೆ ಅನಿವಾಸಿ. ಅಂದರೆ ಸರಿಸುಮಾರು ಸೆಪ್ಟೆಂಬರ್ 28ರೊಳಗೆ ಹೊರಟರೆ ಅಲ್ಲಿನ ಸಂಬಳ ಇಲ್ಲಿನ ತೆರಿಗೆಗೆ ಬರುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟಿದ್ದರೆ, ಮಾಲೀಕರು ಅನಿವಾಸಿ ಆದ ಮೇಲೆ ಬಾಡಿಗೆದಾರರು ಪ್ರತಿ ತಿಂಗಳು ಟಿಡಿಎಸ್ ಹಿಡಿಯಬೇಕು, ದರ ಸುಮಾರು ಶೇ 31.2. ಒಪ್ಪಂದದಲ್ಲೇ ಬರೆಸಿ. ನಿಮ್ಮ ಪರವಾಗಿ ವ್ಯವಹರಿಸುವವರಿಗೆ ಪವರ್ ಆಫ್ ಅಟಾರ್ನಿ ಕೊಡುವಾಗ ಬಾಡಿಗೆ, ಬ್ಯಾಂಕು, ತೆರಿಗೆ ಎಂದು ಸ್ಪಷ್ಟವಾಗಿ ಬರೆಸಿ, ಮಾರಾಟದ ಅಧಿಕಾರ ಸೇರಿಸಬೇಡಿ.

ಹಂತ 10: ಅಲ್ಲಿ ಇಳಿದ ಮೇಲೆ

ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅವರ ಮಾತಿನಲ್ಲಿ ಆನ್ಮೆಲ್ಡುಂಗ್, ಆಗಬೇಕು. ಮನೆ ಮಾಲೀಕರ ಸಹಿಯ ದೃಢೀಕರಣ ಬೇಕು. ನೋಂದಣಿಗೆ ಒಪ್ಪದ ಮಾಲೀಕರ ಮನೆ ಅಗ್ಗಕ್ಕೆ ಸಿಕ್ಕರೂ ಬೇಡ. ಅದಿಲ್ಲದೆ ತೆರಿಗೆ ಸಂಖ್ಯೆಯಿಂದ ಹಿಡಿದು ಎಲ್ಲವೂ ನಿಲ್ಲುತ್ತದೆ.

ಆರೋಗ್ಯ ವಿಮೆಯಲ್ಲಿ ಖಾಸಗಿ ಕಂಪನಿಯ ಕಡಿಮೆ ಕಂತಿಗೆ ಮರುಳಾಗಬೇಡಿ. ಸಾರ್ವಜನಿಕ ವಿಮೆಯಲ್ಲಿ ದುಡಿಯದ ಸಂಗಾತಿ, ಮಕ್ಕಳು ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ. ಖಾಸಗಿಗೆ ಹೋದವರಿಗೆ 55ರ ನಂತರ ಸಾರ್ವಜನಿಕಕ್ಕೆ ವಾಪಸ್ ಬರುವುದು ಬಹುತೇಕ ಅಸಾಧ್ಯ, ಕಂತು ಮಾತ್ರ ಏರುತ್ತ ಹೋಗುತ್ತದೆ.

ಪಿಂಚಣಿಗೆ ಅಲ್ಲಿ ಕನಿಷ್ಠ 60 ತಿಂಗಳ ವಂತಿಗೆ ಬೇಕು. ಭಾರತ-ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿರುವುದರಿಂದ ಎರಡೂ ದೇಶದ ಸೇವಾ ಅವಧಿಯನ್ನು ಅರ್ಹತೆಗೆ ಕೂಡಿಸಿಕೊಳ್ಳಬಹುದು. ಇಲ್ಲಿನ ಪಿಎಫ್ ದಾಖಲೆ ಜೋಪಾನ. ಕಾಯಂ ವಾಸದ ಪರವಾನಗಿ ಬ್ಲೂ ಕಾರ್ಡ್‌ನವರಿಗೆ ಎ1 ಭಾಷೆಯೊಂದಿಗೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೆ.

ಅಲ್ಲೂ ಕೆಲಸ ಹೋಗಬಹುದು. ಪ್ರೊಬೇಷನ್ ಸಾಮಾನ್ಯವಾಗಿ ಆರು ತಿಂಗಳು, ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಸಾಕು. ಹಾಗಾಗಿ ಆರು ತಿಂಗಳು ದಾಟುವವರೆಗೆ ಇಲ್ಲಿನ ಮನೆ ಮಾರಬೇಡಿ, ಅಲ್ಲಿ ಕಾರು ಕೊಳ್ಳಬೇಡಿ. ನೋಟಿಸ್ ಬಂದರೆ ಮೂರು ದಿನದೊಳಗೆ ಅಲ್ಲಿನ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುತ್ತಿರುವವರೆಂದು ಹೆಸರು ನೋಂದಾಯಿಸಿ, ವಿದೇಶಿಯರ ಕಚೇರಿಗೂ ತಿಳಿಸಿ. ಕಳೆದ 30 ತಿಂಗಳಲ್ಲಿ 12 ತಿಂಗಳು ವಂತಿಗೆ ಕಟ್ಟಿದ್ದರೆ ನಿರುದ್ಯೋಗ ಭತ್ಯೆಗೆ ಅರ್ಹತೆ ಇದೆ: ನಿವ್ವಳ ಸಂಬಳದ ಸುಮಾರು ಶೇ 60, ಮಕ್ಕಳಿದ್ದರೆ ಶೇ 67. ಹನ್ನೆರಡು ತಿಂಗಳಿಗೆ ಮೊದಲೇ ಹೋದರೆ ಅದೂ ಇಲ್ಲ. ವಾಪಸ್ ಟಿಕೆಟ್ ಮತ್ತು ಮೂರು ತಿಂಗಳ ಖರ್ಚಿಗೆ ಬೇಕಾದ ದುಡ್ಡನ್ನು ಮೊದಲ ಸಂಬಳದಿಂದಲೇ ಬೇರೆ ಖಾತೆಯಲ್ಲಿ ಎತ್ತಿಡಲು ಶುರುಮಾಡಿ.